ಅಗ್ಗದ ಟಿಕೆಟ್ ತಗೊಂಡು ಲೌಂಜಿಗೆ ದುಡ್ಡು ಕೊಡೋದಾ?

ಟ್ರಾವೆಲ್ ಪ್ಲಾನಿಂಗ್ ಕೆಲಸದಲ್ಲಿ ಈಗೀಗ ತುಂಬಾ ಬರೋ ಪ್ರಶ್ನೆ ಇದು, ಟಿಕೆಟ್ ಕನ್ಫರ್ಮ್ ಆದಮೇಲೆ ನಿಧಾನಕ್ಕೆ ಕೇಳ್ತಾರೆ, ಏರ್‌ಪೋರ್ಟ್ ಲೌಂಜ್, ಅಂದ್ರೆ ಫ್ಲೈಟಿಗೆ ಕಾಯೋವಾಗ ಊಟ ಮಾಡಿ ಆರಾಮಾಗಿ ಕೂರೋ ಜಾಗ, ತಗೊಳ್ಳೋದಾ ಬೇಡ್ವಾ ಅಂತ. ನಾನು ಹೇಳೋದು ಇದನ್ನ ಟಿಕೆಟ್ ತಗೊಳ್ಳೋಕೆ ಮುಂಚೆ ಕೇಳ್ಬೇಕಿತ್ತು ಅಂತ, ಸ್ವಲ್ಪ ಮುಖ ಸಪ್ಪಗೆ ಮಾಡ್ಕೋತಾರೆ, ಆದ್ರೆ ವಿಷಯ ಇರೋದೇ ಹಾಗೆ. ಸ್ಕ್ರೀನ್ ಮೇಲೆ ಎರಡು ಟಿಕೆಟ್ ಇರತ್ತೆ, ಒಂದು ನೇರ ಹೋಗೋದು, ಇನ್ನೊಂದು ಮಧ್ಯೆ ಒಂಬತ್ತು ಗಂಟೆ ಲೇಓವರ್, ಅಂದ್ರೆ ಮುಂದಿನ ಫ್ಲೈಟಿಗೆ ಕಾಯೋದು, ಇರೋ ಅಗ್ಗದ್ದು. ನಾವು ಎರಡು ರೇಟು ನೋಡಿ ಅಗ್ಗದ್ದು ಒತ್ತಿಬಿಡ್ತೀವಿ. ಆ ಒಂಬತ್ತು ಗಂಟೆ ಎಲ್ಲಿ ಕೂತ್ಕೋತೀವಿ, ಎರಡು ಹೊತ್ತು ಏನು ತಿಂತೀವಿ, ರಾತ್ರಿ ಆದ್ರೆ ಎಲ್ಲಿ ಒರಗ್ತೀವಿ ಅನ್ನೋದಕ್ಕೂ ಒಂದು ಖರ್ಚಿದೆ, ಅದನ್ನ ಅಗ್ಗದ ಟಿಕೆಟ್‌ಗೆ ಕೂಡಿಸಿ ನೋಡಿದ್ರೆ ಉಳಿತಾಯ ಅಂದ್ಕೊಂಡಿದ್ದು ಎಷ್ಟೋ ಸಲ ಅರ್ಧ ಕರಗಿಹೋಗಿರತ್ತೆ. ಲೌಂಜ್ ಖರ್ಚು ಟಿಕೆಟ್ ಖರ್ಚಿನ ಭಾಗ, ಬೇರೆ ಶೋಕಿ ಅಲ್ಲ.

ಶೋಕಿ ಅನ್ನೋ ಭಾವನೆ ಬಂದಿದ್ದಕ್ಕೂ ಕಾರಣ ಇದೆ ಬಿಡಿ. 1939ರಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾದಲ್ಲಿ ಅಮೆರಿಕನ್ ಏರ್‌ಲೈನ್ಸ್ ಅಡ್ಮಿರಲ್ಸ್ ಕ್ಲಬ್ ಅನ್ನೋ ಲೌಂಜ್ ಶುರು ಮಾಡಿದಾಗ ಅದು ಆಹ್ವಾನ ಇದ್ದ ದೊಡ್ಡ ಮನುಷ್ಯರ ಜಾಗ. 1992ರಲ್ಲಿ ಪ್ರಯಾರಿಟಿ ಪಾಸ್ ಅನ್ನೋ ಲೌಂಜ್ ಮೆಂಬರ್‌ಶಿಪ್ ಬಂತು, ಯಾವ ಏರ್‌ಲೈನ್ ಯಾವ ಕ್ಲಾಸ್ ಆದ್ರೂ ಮೆಂಬರ್‌ಶಿಪ್ ಇದ್ರೆ ಒಳಗೆ ಬನ್ನಿ ಅಂತು. ಆಮೇಲೆ ಬ್ಯಾಂಕುಗಳು ಇಂಥ ಮೆಂಬರ್‌ಶಿಪ್ಪನ್ನ ಕ್ರೆಡಿಟ್ ಕಾರ್ಡ್ ಜೊತೆ ಕೊಡೋಕೆ ಶುರು ಮಾಡಿದ್ವು. ನೀವು ಕಾರ್ಡ್ ಉಜ್ಜಿ ಒಳಗೆ ಹೋದಾಗ ನಿಮಗೆ ಫ್ರೀ ಅನ್ಸತ್ತೆ, ಆದ್ರೆ ಪ್ರತಿ ತಲೆಗೆ ಇಷ್ಟು ಅಂತ ಲೌಂಜಿನವರಿಗೆ ಯಾರೋ ಕೊಡ್ತಾನೇ ಇರ್ತಾರೆ. ಅದಕ್ಕೇ ಜನ ಜಾಸ್ತಿ ಆಗ್ತಿದ್ದಂಗೆ ರೂಲ್ಸ್ ಬಿಗಿ ಆಗಿದ್ದು: ಇಷ್ಟು ಖರ್ಚು ಮಾಡಿದ್ರೆ ಮಾತ್ರ ಎಂಟ್ರಿ, ವರ್ಷಕ್ಕೆ ಇಷ್ಟೇ ಸಲ, ಜೊತೆಗೆ ಬಂದೋರಿಗೆ ಬೇರೆ ಚಾರ್ಜ್. ಕಾರ್ಡ್ ಇದೆ ಅಂತ ಹೋಗೋ ಮುಂಚೆ ಈ ವರ್ಷದ ಷರತ್ತು ಏನು ಅಂತ ಒಂದ್ಸಲ ಓದ್ಕೊಳ್ಳಿ, ಹೋದ ವರ್ಷದ್ದು ಲೆಕ್ಕಕ್ಕೆ ಬರಲ್ಲ.

ಇನ್ನು ಮೆಂಬರ್‌ಶಿಪ್ ದುಡ್ಡು ಕೊಟ್ಟು ತಗೊಳ್ಳೋ ಲೆಕ್ಕ. ಪ್ರಯಾರಿಟಿ ಪಾಸ್ ಅಮೆರಿಕದಲ್ಲಿ ಇಟ್ಟಿದ್ದ ರೇಟನ್ನೇ ಉದಾಹರಣೆಗೆ ತಗೊಳ್ಳಿ: ವರ್ಷಕ್ಕೆ 99 ಡಾಲರ್ ಕೊಟ್ರೆ ಪ್ರತಿ ಭೇಟಿಗೆ ಮತ್ತೆ 35, 329 ಕೊಟ್ರೆ ಹತ್ತು ಭೇಟಿ ಫ್ರೀ, ಆಮೇಲಿನ ಪ್ರತಿ ಭೇಟಿಗೆ 35, 469 ಕೊಟ್ರೆ ಎಷ್ಟು ಸಲ ಆದ್ರೂ ಹೋಗಿ. ಪೆನ್ನು ಹಿಡಿದು ಕೂಡಿ ನೋಡಿ. ವರ್ಷಕ್ಕೆ ಏಳು ಸಲ ಹೋದ್ರೆ ಮಾತ್ರ ಎರಡನೇದು ಮೊದಲನೇದಕ್ಕಿಂತ ಅಗ್ಗ ಆಗೋದು, ಮೂರನೇದು ಗಿಟ್ಟಬೇಕು ಅಂದ್ರೆ ಹದಿನಾಲ್ಕು ಸಲ ದಾಟಬೇಕು. ವರ್ಷಕ್ಕೆ ಒಂದು ಟ್ರಿಪ್ ಮಾಡೋರು, ಹೋಗ್ತಾ ಒಂದ್ಸಲ ಬರ್ತಾ ಒಂದ್ಸಲ ಲೌಂಜಿಗೆ ಹೋದ್ರೂ ಮೊದಲನೇ ಪ್ಲಾನಲ್ಲೇ ಒಂದೊಂದು ಭೇಟಿಗೆ 84 ಡಾಲರ್ ಮೇಲೆ ಬಿತ್ತು, ಅದಕ್ಕಿಂತ ಆ ಒಂದು ದಿನದ ಪಾಸನ್ನ ಮುಂಚೆನೇ ಆನ್‌ಲೈನಲ್ಲಿ ತಗೊಳ್ಳೋದು ವಾಸಿ. ಕಮ್ಮಿ ಓಡಾಡೋರಿಗೆ ಮೆಂಬರ್‌ಶಿಪ್ ಬೇಡ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಒಂದು ದಿನದ ಪಾಸ್ ಆದ್ರೂ ಗಿಟ್ಟತ್ತಾ? ಇಲ್ಲಿ ಜನ ಮರೆಯೋದು ಟೈಮ್ ಲಿಮಿಟ್. ದುಡ್ಡು ಕೊಟ್ಟು ಹೋಗೋ ಲೌಂಜುಗಳಲ್ಲಿ ಸಾಮಾನ್ಯವಾಗಿ ಇರೋದು ಮೂರು ಗಂಟೆ, ಕೆಲವು ಕಡೆ ಫ್ಲೈಟಿಗೆ ಇನ್ನೂ ಮೂರು ಗಂಟೆಗಿಂತ ಜಾಸ್ತಿ ಇದ್ರೆ ಒಳಗೇ ಬಿಡಲ್ಲ. ಒಂಬತ್ತು ಗಂಟೆ ಲೇಓವರಲ್ಲಿ ಒಂದು ಪಾಸ್ ತಗೊಂಡ್ರೆ ಇನ್ನು ಆರು ಗಂಟೆ ಹೊರಗಡೆ ಕುರ್ಚಿನೇ ಗತಿ. ಒಂದೂವರೆ ಗಂಟೆ ಇದ್ರೆ ಅರ್ಧ ಹೊತ್ತು ಲೌಂಜ್ ಹುಡುಕೋದ್ರಲ್ಲೇ ಹೋಗತ್ತೆ. ಹಾಗಾಗಿ ನಿಜವಾಗ್ಲೂ ದುಡ್ಡಿಗೆ ತಕ್ಕ ಉಪಯೋಗ ಸಿಗೋದು ಮೂರರಿಂದ ಐದು ಗಂಟೆ ಕಾಯೋರಿಗೆ, ಅದೂ ಊಟದ ಹೊತ್ತಾಗಿದ್ದು, ಹಿಂದಿನ ರಾತ್ರಿ ಫ್ಲೈಟಲ್ಲಿ ನಿದ್ದೆ ಇಲ್ದೆ ಬಂದಿದ್ದು, ಮುಂದೆ ಇನ್ನೊಂದು ಉದ್ದದ ಫ್ಲೈಟ್ ಇರೋರಿಗೆ. ನನ್ನ ಕೇಳಿದ್ರೆ ಲೌಂಜಲ್ಲಿ ಬೆಲೆ ಇರೋದು ಊಟಕ್ಕಲ್ಲ, ಶವರಿಗೆ. ಬಫೆ ಆಸೆಗೆ ಹೋಗೋರು ಬೇಜಾರ್ ಮಾಡ್ಕೊಂಡು ಬರೋದೇ ಜಾಸ್ತಿ. ಆದ್ರೆ ಎಲ್ಲಾ ಲೌಂಜಲ್ಲೂ ಶವರ್ ಇರಲ್ಲ, ಇದ್ರೂ ಕೆಲವು ಕಡೆ ಅದಕ್ಕೆ ಬೇರೆ ದುಡ್ಡು, ಇದನ್ನ ಮೊದಲೇ ನೋಡಿ.

ಇನ್ನೊಂದು ತಾಪತ್ರಯ ಜಾಗದ್ದು. ಲೌಂಜ್ ಒಂದು ಟರ್ಮಿನಲಲ್ಲಿ, ನಿಮ್ಮ ಬಜೆಟ್ ಏರ್‌ಲೈನ್ ಇನ್ನೊಂದರಲ್ಲಿ, ಮಧ್ಯೆ ಇಮಿಗ್ರೇಷನ್ ದಾಟ್ಬೇಕು ಅಂದ್ರೆ ಆ ಪಾಸ್ ಇದ್ದೂ ಇಲ್ಲದಂಗೆ. ಬೇರೆ ಬೇರೆ ಟಿಕೆಟ್ ಜೋಡಿಸ್ಕೊಂಡು ಹೋಗೋರಿಗಂತೂ ಲಗೇಜ್ ತಗೊಂಡು ಮತ್ತೆ ಚೆಕ್-ಇನ್ ಮಾಡಿ ಸೆಕ್ಯೂರಿಟಿ ದಾಟೋಷ್ಟ್ರಲ್ಲಿ ಲೌಂಜಿಗೆ ಟೈಮೇ ಉಳಿಯಲ್ಲ. ಜಾಗ ತುಂಬಿದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ, ಕಾರ್ಡ್ ತೋರಿಸಿ ಜಗಳ ಆಡಿದ್ರೂ ಪ್ರಯೋಜನ ಇಲ್ಲ.

ಫ್ರೀ ಸಿಗೋದನ್ನ ಮೊದಲು ನೋಡಿ ಅಂತೀನಿ ನಾನು. ಸಿಂಗಾಪುರದ ಚಾಂಗಿ ಏರ್‌ಪೋರ್ಟಲ್ಲಿ ಐದೂವರೆ ಗಂಟೆಗಿಂತ ಜಾಸ್ತಿ, 24 ಗಂಟೆ ಒಳಗಿನ ಲೇಓವರ್ ಇದ್ರೆ ಫ್ರೀ ಸಿಟಿ ಟೂರ್ ಇದೆ, ಇಸ್ತಾಂಬುಲಲ್ಲಿ ಟರ್ಕಿಶ್ ಏರ್‌ಲೈನ್ಸ್ ಪ್ಯಾಸೆಂಜರ್‌ಗಳಿಗೆ ಆರರಿಂದ 24 ಗಂಟೆ ಲೇಓವರಿಗೆ ಅಂಥದ್ದೇ ಒಂದಿದೆ. ಆ ದೇಶದ ಪ್ರವೇಶದ ನಿಯಮ ನಿಮ್ಮ ಪಾಸ್‌ಪೋರ್ಟಿಗೆ ಹೊಂದತ್ತಾ ಅಂತ ನೋಡ್ಕೊಂಡ್ರೆ ಸಾಕು. ಫ್ಲೈಟ್ ಲೇಟ್ ಆಗಿದೆ ಅಂತ ಸಿಟ್ಟಿಗೆ ಲೌಂಜಿಗೆ ದುಡ್ಡು ಕಟ್ಟೋರನ್ನೂ ನೋಡ್ತಿರ್ತೀನಿ, ಯುರೋಪಿಯನ್ ಯೂನಿಯನ್‌ನ ಏರ್‌ಪೋರ್ಟಿಂದ ಹೊರಡೋ ಫ್ಲೈಟ್ ಆಗಿದ್ರೆ 261/2004 ನಿಯಮದ ಪ್ರಕಾರ ದೂರ ನೋಡ್ಕೊಂಡು ಎರಡು, ಮೂರು ಅಥವಾ ನಾಲ್ಕು ಗಂಟೆ ಲೇಟಾದ್ರೆ ಏರ್‌ಲೈನೇ ಊಟ ತಿಂಡಿ ಕೊಡ್ಬೇಕು. ಕೌಂಟರಿಗೆ ಹೋಗಿ ಮೀಲ್ ವೋಚರ್ ಕೇಳಿ, ಆಮೇಲೆ ಲೌಂಜ್ ಯೋಚ್ನೆ.

ಫ್ಯಾಮಿಲಿ ಜೊತೆ ಹೋಗೋರು ಲೆಕ್ಕವನ್ನ ತಲೆಗೆ ಇಷ್ಟು ಅಂತ ಹಾಕಿ, ಒಬ್ಬರಿಗೆ ಗಿಟ್ಟಿದ್ದು ನಾಲ್ಕು ಜನಕ್ಕೆ ಗಿಟ್ಟಲ್ಲ. ಒಬ್ಬರೇ ಹೋಗ್ತಿದ್ದು ಫೋನ್ ಚಾರ್ಜ್ ಮಾಡ್ಕೊಂಡು ಲ್ಯಾಪ್‌ಟಾಪಲ್ಲಿ ಎರಡು ಮೂರು ಗಂಟೆ ಕೆಲಸ ಮಾಡೋದಿದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಒಳಗೆ ಹೋದ್ಮೇಲೆ ಮೊಬೈಲಲ್ಲಿ ಅಲಾರ್ಮ್ ಮಾತ್ರ ಇಟ್ಕೊಳ್ಳಿ, ಎಷ್ಟೋ ಲೌಂಜಲ್ಲಿ ಬೋರ್ಡಿಂಗ್ ಅನೌನ್ಸ್ ಮಾಡೋದೇ ಇಲ್ಲ.