ಕಲ್ಚರ್ ಅಂದರೆ ಬೆಳೆಸುವುದು, ಪ್ಯಾಡಲ್ ತಿರುಗಿಸುವುದಲ್ಲ

ಹೈನುಗಾರರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಆಗಾಗ ಬರುತ್ತದೆ: "ಕೆಚ್ಚಲು ಬಾವಿಗೆ ಕಲ್ಚರ್ ಮಾಡಿಸಿದ್ವಿ, ಅಲ್ಲೇ ಪಾಸಿಟಿವ್ ಬಂತು. ಯಾವ ಇಂಜೆಕ್ಷನ್ ಹಾಕಿಸೋದು?" ಕೊಟ್ಟಿಗೆಯಲ್ಲಿ ನಿಂತ ನಿಲುವಿನಲ್ಲೇ ಉತ್ತರ ಬಂದಿದ್ದರೆ ಅದು ಕಲ್ಚರ್ (ಹಾಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ಅಲ್ಲ, ಸಿಎಂಟಿ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಈಗ ಎಷ್ಟು ರೂಢಿಯಾಗಿದೆ ಎಂದರೆ, ಔಷಧಿ ಅಂಗಡಿಯವರೂ ಹಾಗೇ ಹೇಳುತ್ತಾರೆ.

ಸಿಎಂಟಿ, ಅಂದರೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, 1957ರಲ್ಲಿ ಬಂದದ್ದು. ನಾಲ್ಕು ಬಟ್ಟಲಿನ ಪ್ಯಾಡಲ್‌ಗೆ ನಾಲ್ಕು ತೊಟ್ಟಿನ ಹಾಲನ್ನು ಬೇರೆ ಬೇರೆ ಹಿಂಡಿ, ಅಷ್ಟೇ ಪ್ರಮಾಣದ ನೇರಳೆ ದ್ರಾವಣ ಸುರಿದು ತಿರುಗಿಸಿದರೆ, ಬಾವಿರುವ ಭಾಗದ ಹಾಲು ಲೋಳೆಯಾಗುತ್ತದೆ. ಆ ಲೋಳೆ ಬ್ಯಾಕ್ಟೀರಿಯಾದ್ದಲ್ಲ. ಸೋಂಕಿನ ವಿರುದ್ಧ ಹೋರಾಡಲು ಕೆಚ್ಚಲಿಗೆ ಬಂದ ಹಸುವಿನದೇ ಬಿಳಿ ರಕ್ತಕಣಗಳು ದ್ರಾವಣದಲ್ಲಿರುವ ಡಿಟರ್ಜೆಂಟಿಗೆ ಒಡೆದು, ಒಳಗಿನ ಡಿಎನ್‌ಎ ಹೊರಬಂದು ಗಟ್ಟಿಯಾದದ್ದು. ಬೀದಿಯಲ್ಲಿ ಪೊಲೀಸರು ಸೇರಿದ್ದಾರೆ ಎಂದಷ್ಟೇ ಅದು ಹೇಳುತ್ತದೆ, ಕಳ್ಳನ ಹೆಸರು ಹೇಳುವುದಿಲ್ಲ. ಹೊರಗೆ ಲಕ್ಷಣ ಕಾಣದ ಬಾವು ಹಿಡಿಯಲು ಸಿಎಂಟಿ ಅಗ್ಗದ, ಸುಲಭದ ದಾರಿ. ಕೆಚ್ಚಲು ಕಾದು ಕಲ್ಲಾಗಿ, ಹಾಲಿನಲ್ಲಿ ಗರಣೆ ಬರುತ್ತಿರುವಾಗ ಅದನ್ನು ಮಾಡಿ ಏನು ಹೊಸದಾಗಿ ತಿಳಿಯಬೇಕೋ ನನಗಂತೂ ಅರ್ಥವಾಗಿಲ್ಲ.

ಕಲ್ಚರ್‌ನ ಮೂಲ ಲ್ಯಾಟಿನ್ನಿನ 'ಕೊಲೆರೆ'. ಉಳು, ಸಾಗುವಳಿ ಮಾಡು ಎಂಬ ಅರ್ಥ. ಅಗ್ರಿಕಲ್ಚರ್‌ನಲ್ಲಿ ಇರುವುದೂ ಇದೇ. ಪ್ರಯೋಗಾಲಯದಲ್ಲಿ ಹಾಲಿನ ಒಂದು ಹನಿಯನ್ನು ರಕ್ತ ಬೆರೆಸಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಗೀರಿ, 37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಡುವುದು ಅಕ್ಷರಶಃ ಬಿತ್ತನೆಯೇ. ಮೊಳೆಯುವ ಮುನ್ನ ಬೆಳೆ ಯಾವುದೆಂದು ಹೇಳಲಾಗದು.

ಬೆಳೆದವುಗಳ ಹೆಸರೂ ಸ್ವಾರಸ್ಯದವು. ಗ್ರೀಕಿನಲ್ಲಿ 'ಸ್ಟಾಫಿಲೆ' ಎಂದರೆ ದ್ರಾಕ್ಷಿ ಗೊಂಚಲು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಗೊಂಚಲುಗಟ್ಟಿದ್ದ ದುಂಡಾಣುಗಳನ್ನು ಕಂಡು 1882ರಲ್ಲಿ ಸ್ಟಾಫಿಲೊಕಾಕಸ್ ಎಂದು ಕರೆದ. ಸರದಂತೆ ಸಾಲಾಗಿರುವುದು ಸ್ಟ್ರೆಪ್ಟೊಕಾಕಸ್. ಅದರದೇ ಜಾತಿಯ 'ಅಗಲಾಕ್ಟಿಯೇ'ಯನ್ನು ಬಿಡಿಸಿದರೆ 'ಹಾಲಿಲ್ಲದ' ಎಂದಾಗುತ್ತದೆ. ಅದು ಹೊಕ್ಕ ಕೆಚ್ಚಲು ಬತ್ತುವುದನ್ನು ನೋಡಿದವರಿಗೆ ಇದಕ್ಕೆ ಟಿಪ್ಪಣಿ ಬೇಡ. ಈ ಎರಡು ಗುಂಪನ್ನು ಬೇರ್ಪಡಿಸಲು ಒಂದು ತೊಟ್ಟು ಹೈಡ್ರೋಜನ್ ಪೆರಾಕ್ಸೈಡ್ ಸಾಕು: ಸ್ಟಾಫ್ ನೊರೆಯೇಳುತ್ತದೆ, ಸ್ಟ್ರೆಪ್ ಸುಮ್ಮನಿರುತ್ತದೆ. ಸ್ಟಾಫ್‌ಗಳಲ್ಲಿ ಆರಿಯಸ್ ಎಂಬ ಬಗೆ ಯಾವುದು ಎನ್ನಲು ಮೊಲದ ಪ್ಲಾಸ್ಮಾ ಹೆಪ್ಪುಗಟ್ಟುತ್ತದೆಯೇ ನೋಡುತ್ತಾರೆ. ಇ. ಕೊಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಮ್ಯಾಕಾಂಕಿ ಎಂಬ ಬೇರೆ ಬಗೆಯ ಅಗರ್ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಇಷ್ಟೆಲ್ಲ ಯಾಕೆ, ಪೆನಿಸಿಲಿನ್ ಹಾಕಿದರಾಯಿತು ಎನ್ನುವವರಿದ್ದಾರೆ. ಅಗಲಾಕ್ಟಿಯೇ ಸಾಮಾನ್ಯವಾಗಿ ಅದಕ್ಕೆ ಬಗ್ಗುತ್ತದೆ. ಸಗಣಿಯಿಂದ ಬರುವ ಇ. ಕೊಲೈಗೆ ಅದು ನಾಟುವುದೇ ಇಲ್ಲ. ಸೌಮ್ಯವಾದ ಇ. ಕೊಲೈ ಬಾವನ್ನಂತೂ ಎಷ್ಟೋ ಹಸುಗಳು ತಾವೇ ಗೆಲ್ಲುತ್ತವೆ. ಆರಿಯಸ್ ಕೆಚ್ಚಲಿನ ಅಂಗಾಂಶದೊಳಗೆ ಅವಿತು ಕೂರುತ್ತದೆ, ಹಾಲು ಕರೆಯುವ ಕೈಯಿಂದ ಪಕ್ಕದ ಹಸುವಿಗೂ ದಾಟುತ್ತದೆ. ಅಂಥ ಹಸುವನ್ನು ಕೊನೆಗೆ ಕರೆಯಬೇಕು.

ಇನ್ನು 'ನೋ ಗ್ರೋತ್' ಎಂಬ ವರದಿ. ಇದನ್ನು 'ಬ್ಯಾಕ್ಟೀರಿಯಾ ಇಲ್ಲ' ಎಂದು ಓದುವವರೇ ಹೆಚ್ಚು. ಈ ತಟ್ಟೆಯಲ್ಲಿ ಬೆಳೆಯಲಿಲ್ಲ ಎಂದಷ್ಟೇ ಅದರ ಅರ್ಥ. ಆರಿಯಸ್ ದಿನವೂ ಹಾಲಿನಲ್ಲಿ ಇಳಿಯುವುದಿಲ್ಲ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಬೇರೆಯದೇ ಮಾಧ್ಯಮ ಬೇಕು. ಇದಕ್ಕೆ ತದ್ವಿರುದ್ಧವಾಗಿ, ಒಂದೇ ತೊಟ್ಟಿನ ಮಾದರಿಯಲ್ಲಿ ಮೂರು ನಾಲ್ಕು ಬಗೆ ಬೆಳೆದಿದ್ದರೆ ಅದು ಘೋರ ಸೋಂಕಲ್ಲ, ತೊಟ್ಟು ಸರಿಯಾಗಿ ಒರೆಸಿಲ್ಲ. ಮೊದಲ ಧಾರೆಗಳನ್ನು ಚೆಲ್ಲಿ, ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಸ್ಟೆರೈಲ್ ಬಾಟಲಿಯನ್ನು ಓರೆಯಾಗಿ ಹಿಡಿದು ಹಿಂಡಬೇಕು, ಐಸ್ ಮೇಲಿಟ್ಟು ಕಳಿಸಬೇಕು. ಇದು ಕೆಚ್ಚಲಿಗೆ ಔಷಧದ ಟ್ಯೂಬ್ ಏರಿಸುವ ಮುಂಚಿನ ಕೆಲಸ. ಏರಿಸಿದ ಮಾರನೇ ದಿನ ತೆಗೆದ ಹಾಲಿನಲ್ಲಿ ಏನೂ ಬೆಳೆಯದಿದ್ದರೆ ಲ್ಯಾಬಿನವರನ್ನು ಬೈಯಬೇಡಿ.