ಪದ ಪರಿಚಯ: ಸೂಲಗಿತ್ತಿ

ದನದ ಜಾತ್ರೆಯಲ್ಲಿ ಎಮ್ಮೆ ನೋಡಲು ಬಂದವರು ಬೆಲೆಗಿಂತ ಮೊದಲು ಕೇಳುವುದು "ಎಷ್ಟನೇ ಸೂಲು?" ಅಂತ. ಸೂಲು ಅಂದರೆ ಹೆರುವುದು, ಈಯುವುದು. ಈಗ ಹೆಚ್ಚಾಗಿ ದನಕರುಗಳ ಮಾತಿನಲ್ಲೇ ಉಳಿದಿರುವ ಈ ಪದ ಹಿಂದೆ ಹೆಂಗಸರ ಹೆರಿಗೆಗೂ ಸಲ್ಲುತ್ತಿತ್ತು. ಮದುವಣಗಿತ್ತಿ, ಹೂವಾಡಗಿತ್ತಿಯಲ್ಲಿರುವ 'ಗಿತ್ತಿ' ಅದಕ್ಕೆ ಸೇರಿ ಸೂಲಗಿತ್ತಿ ಆಯಿತು. ಸರ್ಕಾರಿ ಕಾಗದಗಳಲ್ಲಿ, ಉರ್ದು ಮಾತಾಡುವ ಮನೆಗಳಲ್ಲಿ ಅವಳು ದಾಯಿ. ಊರಿನವರ ಬಾಯಲ್ಲಿ ಬರೀ ಅಜ್ಜಿ, ಅವ್ವ. ನಿಘಂಟು 'ಹೆರಿಗೆ ಮಾಡಿಸುವವಳು' ಎಂದು ಎರಡೇ ಪದದಲ್ಲಿ ಮುಗಿಸುತ್ತದೆ. ಅವಳ ಕೆಲಸದ ಕಾಲುಭಾಗವೂ ಅದರಲ್ಲಿ ಬರುವುದಿಲ್ಲ.

ಬಸುರಿಗೆ ದಿನ ತುಂಬುವ ಮೊದಲೇ ಅವಳ ಕೆಲಸ ಶುರು. ಅಂಗೈಗೆ ಎಣ್ಣೆ ಹಚ್ಚಿಕೊಂಡು ಹೊಟ್ಟೆ ಸವರಿ, ಮಗುವಿನ ತಲೆ ಕೆಳಗೆ ಬಂದಿದೆಯೋ ಅಡ್ಡ ನಿಂತಿದೆಯೋ ನೋಡುತ್ತಿದ್ದಳು. ನೋವು ಕಾಣಿಸಿಕೊಂಡರೆ ಅದು ಸುಳ್ಳುನೋವೋ ನಿಜವಾದ ಬೇನೆಯೋ ತಿಳಿಯಲು ಸೊಂಟಕ್ಕೆ ಬಿಸಿನೀರು ಹೊಯ್ಯಿಸುವುದಿತ್ತು. ಸುಳ್ಳುನೋವಾದರೆ ಇಳಿಯುತ್ತದೆ, ಬೇನೆಯಾದರೆ ಇನ್ನೂ ಬಿಗಿಯಾಗುತ್ತದೆ ಎಂಬ ಲೆಕ್ಕ. ಬೇನೆ ಎಂದು ಖಾತ್ರಿಯಾದ ಮೇಲೆ ಮಲಗಗೊಡುತ್ತಿರಲಿಲ್ಲ, ನಡೆದಾಡಿಸುತ್ತಿದ್ದಳು. ಕೊನೆಗೆ ತೊಲೆಗೆ ಕಟ್ಟಿದ ಹಗ್ಗವನ್ನೋ ಇನ್ನೊಬ್ಬಳ ಹೆಗಲನ್ನೋ ಹಿಡಿಸಿ ಕುಕ್ಕರಗಾಲಲ್ಲಿ ಕೂರಿಸುವುದು. ಮಗು ಬಂದ ಮೇಲೂ ಅವಸರವಿಲ್ಲ. ಮಾಸು ಬೀಳುವ ತನಕ ಕಾದು, ಆಮೇಲೆ ಹೊಕ್ಕುಳಬಳ್ಳಿ ಕೊಯ್ಯುವ ರೂಢಿ ಹಲವು ಕಡೆ ಇತ್ತು.

ಅಲ್ಲಿಗೆ ನಿಘಂಟಿನ ಅರ್ಥ ಮುಗಿಯಿತು, ಅವಳ ಕೆಲಸ ಮುಗಿಯಲಿಲ್ಲ. ಮಾರನೆಯ ದಿನದಿಂದ ಬಾಣಂತಿಗೆ ಎಣ್ಣೆ ತಿಕ್ಕಿ ಹಂಡೆನೀರು ಎರೆಯುವುದು, ಹೊಟ್ಟೆಗೆ ಹಳೇ ಸೀರೆ ಸುತ್ತಿ ಬಿಗಿಯುವುದು, ಕೂದಲಿಗೆ ಲೋಬಾನದ ಹೊಗೆ ಕೊಡುವುದು. ಕೂಸನ್ನು ನೀಡಿದ ಕಾಲ ಮೇಲೆ ಬೋರಲು ಮಲಗಿಸಿಕೊಂಡು ನೀರು ಹಾಕುವುದು, ಹಾಲು ಕಟ್ಟಿ ಎದೆ ಗಟ್ಟಿಯಾದರೆ ಶಾಖ ಕೊಡುವುದು. ಮೊದಲ ಸಲ ಹೆತ್ತ ಹುಡುಗಿ ಅತ್ತೆಯ ಹತ್ತಿರ ಹೇಳಲಾಗದ್ದನ್ನು ಹೇಳಿಕೊಳ್ಳುತ್ತಿದ್ದದ್ದೂ ಇವಳ ಹತ್ತಿರವೇ.

ಇಷ್ಟೆಲ್ಲ ಮಾಡಿದವಳಿಗೆ ಸಿಗುತ್ತಿದ್ದದ್ದು ಒಂದು ಮೊರದಲ್ಲಿ ಅಕ್ಕಿಯೋ ರಾಗಿಯೋ, ತೆಂಗಿನಕಾಯಿ, ಎಲೆ ಅಡಿಕೆ, ಉಳ್ಳವರ ಮನೆಯಾದರೆ ಸೀರೆ. ಹುಟ್ಟಿದ್ದು ಹೆಣ್ಣಾದರೆ ಅನೇಕ ಮನೆಗಳಲ್ಲಿ ಉಡುಗೊರೆಯೂ ಇಳಿಯುತ್ತಿತ್ತು. ಜಾತಿಯ ಮಾತನ್ನೂ ಬಿಡುವಂತಿಲ್ಲ. ಹೆರಿಗೆಯ ರಕ್ತ, ಮಾಸು, ಪುರುಡು ಎಲ್ಲವೂ ಮೈಲಿಗೆ ಎಂದಾದ್ದರಿಂದ ಹೊಕ್ಕುಳಬಳ್ಳಿ ಕೊಯ್ಯುವ ಕೆಲಸ ಬಹಳ ಕಡೆ ದಲಿತ ಹೆಂಗಸರ, ಇಲ್ಲವೇ ಕ್ಷೌರಿಕ ಮನೆತನದ ಹೆಂಗಸರ ಪಾಲಿಗೆ ಬಂತು. ಜೀವ ಉಳಿಸಲು ಒಳಕೋಣೆವರೆಗೆ ಕರೆಸಿಕೊಂಡವರೇ ಹನ್ನೊಂದನೇ ದಿನ ಮನೆ ತೊಳೆದು, ಮರುದಿನದಿಂದ ಅವಳನ್ನು ಜಗಲಿಯಿಂದಾಚೆ ನಿಲ್ಲಿಸುತ್ತಿದ್ದರು. 'ನಮ್ಮ ಹಿರಿಯರ ಜ್ಞಾನ' ಎಂದು ಈಗ ಹೆಮ್ಮೆಪಡುವವರು ಆ ಹಿರಿಯರನ್ನು ಎಲ್ಲಿ ನಿಲ್ಲಿಸಿದ್ದೆವು ಎಂಬುದನ್ನೂ ಹೇಳಬೇಕು.

ಅವಳ ಕೈಮೀರಿದ್ದೂ ಬಹಳವಿತ್ತು. ಬಳ್ಳಿ ಕೊಯ್ಯಲು ಮನೆಯ ಕುಡುಗೋಲು, ಬಿದಿರಿನ ಸೀಳು, ಕೊನೆಗೆ ಬ್ಲೇಡು. ಗಾಯಕ್ಕೆ ಬೂದಿ, ಕೆಲವೆಡೆ ಸಗಣಿ. ಇದರಿಂದ ಧನುರ್ವಾಯು ತಗುಲಿದ ಕೂಸು ಮೊದಲ ಎರಡು ದಿನ ಚೆನ್ನಾಗಿಯೇ ಇದ್ದು, ವಾರದೊಳಗೆ ಹಾಲು ಚೀಪುವುದನ್ನು ಬಿಟ್ಟು, ಮೈ ಸೆಟೆದು ಸಾಯುತ್ತಿತ್ತು. ಗಾಳಿ ಸೋಕಿತು, ದೃಷ್ಟಿಯಾಯಿತು ಎನ್ನುತ್ತಿದ್ದರು. ಮೊದಲ ದಿನದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಿಸುವ ಪದ್ಧತಿಯೂ ಇತ್ತು. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ, ನಂಜು ಏರಿ ಫಿಟ್ಸ್ ಬಂದರೆ, ಮಗು ಅಡ್ಡ ಸಿಕ್ಕಿಕೊಂಡರೆ ಎಂಥ ಪಳಗಿದ ಕೈಯೂ ಏನೂ ಮಾಡಲಾಗುತ್ತಿರಲಿಲ್ಲ. ಬ್ರಿಟಿಷರ ಕಾಲದ ಕೊನೆಯಲ್ಲಿ ದೇಶದ ಆರೋಗ್ಯ ಸ್ಥಿತಿ ಪರಿಶೀಲಿಸಿದ ಭೋರ್ ಸಮಿತಿ 1946ರ ವರದಿಯಲ್ಲಿ, ವರ್ಷಕ್ಕೆ ಸುಮಾರು 2 ಲಕ್ಷ ತಾಯಂದಿರು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸಾಯುತ್ತಿದ್ದಾರೆ ಎಂದು ಅಂದಾಜು ಮಾಡಿತ್ತು.

ಆಸ್ಪತ್ರೆಗಳು ಇರಲಿಲ್ಲವೆಂದಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಶುರುವಾದದ್ದು 1935ರಲ್ಲಿ. ಹಳ್ಳಿಗೆ ಅದು ದೂರ. ಹಾಗಾಗಿ ಸ್ವಾತಂತ್ರ್ಯಾನಂತರ ಸರ್ಕಾರ ಸೂಲಗಿತ್ತಿಯನ್ನು ಹೊರಗಿಡದೆ ತಿದ್ದಲು ಹೊರಟಿತು. 1970ರ ದಶಕದ ಕೊನೆಯ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ದಾಯಿಯರಿಗೆ 30 ದಿನಗಳ ತರಬೇತಿ, 300 ರೂಪಾಯಿ ಭತ್ಯೆ, ಮುಗಿದ ಮೇಲೆ ಒಂದು ಹೆರಿಗೆ ಕಿಟ್ಟು ಮತ್ತು ಪ್ರಮಾಣಪತ್ರ. ವಾರಕ್ಕೆರಡು ದಿನ ಆರೋಗ್ಯ ಕೇಂದ್ರದಲ್ಲಿ ಪಾಠ, ಉಳಿದ ದಿನ ನರ್ಸಮ್ಮನ ಜೊತೆ ಊರೂರು ಸುತ್ತಾಟ. ಹೆರಿಗೆಯನ್ನು ನೋಂದಾಯಿಸಿದ್ದರೆ ಒಂದಕ್ಕೆ 10 ರೂಪಾಯಿ. ಕಲಿಸಿದ್ದು ಮುಖ್ಯವಾಗಿ ಐದು ಶುಚಿ: ಕೈ, ಹೆರಿಗೆಯ ಜಾಗ, ಬ್ಲೇಡು, ಕಟ್ಟುವ ದಾರ, ಏನೂ ಮೆತ್ತದ ಹೊಕ್ಕುಳು. ಬಸುರಿಯರಿಗೆ ಧನುರ್ವಾಯು ತಡೆಯುವ ಟಿಟಿ ಇಂಜೆಕ್ಷನ್ನೂ ಸೇರಿ ಇದು ಫಲ ಕೊಟ್ಟಿತು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲನ ಮಟ್ಟಕ್ಕೆ ಇಳಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆದರೆ ರಕ್ತಸ್ರಾವಕ್ಕೆ ಸಾಬೂನು ಮದ್ದಲ್ಲವಲ್ಲ. ದಾಯಿಗೆ ತರಬೇತಿ ಕೊಟ್ಟರೂ ತಾಯಿಮರಣ ಸಾಕಷ್ಟು ಇಳಿಯುತ್ತಿಲ್ಲ ಎಂದು 1990ರ ದಶಕದಲ್ಲಿ ಜಗತ್ತಿನ ನೀತಿಯೇ ಆಸ್ಪತ್ರೆಯ ಕಡೆ ಹೊರಳಿತು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, ಅದರ ಜೊತೆಗೆ ಆಶಾ ಕಾರ್ಯಕರ್ತೆ, ಆಸ್ಪತ್ರೆಯಲ್ಲಿ ಹೆತ್ತರೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ. ಕರ್ನಾಟಕದಲ್ಲಿ ಬಾಣಂತಿ-ಕೂಸಿಗೆ ಬೇಕಾದ ಸಾಮಾನಿನ ಮಡಿಲು ಕಿಟ್ಟು, ಬಸುರಿಯ ತಪಾಸಣೆಯ ವಿವರ ಬರೆದಿಡುವ ತಾಯಿ ಕಾರ್ಡು, 2008ರಿಂದ 108 ಆಂಬುಲೆನ್ಸ್. ರಾಜ್ಯದಲ್ಲಿ ಲಕ್ಷ ಜೀವಂತ ಜನನಕ್ಕೆ 2001-03ರಲ್ಲಿ 228 ಇದ್ದ ತಾಯಿಮರಣ 2018-20ಕ್ಕೆ 69ಕ್ಕೆ ಇಳಿಯಿತು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಈ ಅಂಕಿಗಳ ಮುಂದೆ ನಿಂತು 'ಹಳೆಯದೇ ಚೆನ್ನಾಗಿತ್ತು' ಎನ್ನುವವರ ಜೊತೆ ನನಗೆ ಮಾತಿಲ್ಲ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರಿನಿಂದಲೇ ನಮ್ಮ ಪೀಳಿಗೆ ಈ ಪದವನ್ನು ಮತ್ತೆ ಕೇಳಿದ್ದು. ಅಜ್ಜಿಯಿಂದ ಕಲಿತು, ಇಪ್ಪತ್ತರ ವಯಸ್ಸಿಗೆ ಮೊದಲ ಹೆರಿಗೆ ಮಾಡಿಸಿ, ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ಕೇಳದೆ. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು 98ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ತೀರಿಕೊಂಡ ಅದೇ ತಿಂಗಳು ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿತ್ತು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವ ಮಿಡ್‌ವೈಫ್ ಘಟಕಗಳನ್ನು ಆಸ್ಪತ್ರೆಗಳಲ್ಲಿ ತೆರೆಯುವ ಯೋಜನೆ ಅದು. ಕಾರಣವಿತ್ತು. ಸಿಸೇರಿಯನ್ ಹೆರಿಗೆ ಏರುತ್ತಲೇ ಇತ್ತು. ಮೇಲೆ ಹೇಳಿದ 2019-20ರ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಅದರ ಪ್ರಮಾಣ ಶೇ. 31.5. ಮಲಗಿಸಿ ಕಾಲು ಕಟ್ಟಬೇಡಿ, ಅವಳಿಗೆ ಅನುಕೂಲವಾದ ಭಂಗಿಯಲ್ಲಿ ಹೆರಲಿ, ಅವಳಿಗೆ ಬೇಕಾದವರು ಪಕ್ಕದಲ್ಲಿರಲಿ, ಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತಿದೆ. ಸೂಲಗಿತ್ತಿಗೆ ಇದೆಲ್ಲ ಹೊಸ ಸುದ್ದಿಯೇನಲ್ಲ.

ಹಾಗಾದರೆ ಅವಳ ಕೆಲಸ ಯಾರ ಕೈಗೆ ಹೋಯಿತು? ಹಂಚಿಹೋಯಿತು. ತಪಾಸಣೆ, ಕಬ್ಬಿಣಾಂಶದ ಮಾತ್ರೆ ಉಪಕೇಂದ್ರದ ಸಿಸ್ಟರ್ ಪಾಲಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಆಶಾ ಪಾಲಿಗೆ. ಹೆರಿಗೆ ಲೇಬರ್ ವಾರ್ಡಿಗೆ. ಎಣ್ಣೆ-ನೀರು ಮಾತ್ರ ಇನ್ನೂ ಬಾಣಂತನ ಮಾಡಿಸುವ ಹೆಂಗಸರದೇ. ಬೆಂಗಳೂರಿನಲ್ಲಿ ಈಗ ಏಜೆನ್ಸಿ ಮೂಲಕ ಬಂದು, ಒಂದೊಂದು ಮನೆಯಲ್ಲಿ ಗಂಟೆ ಲೆಕ್ಕದಲ್ಲಿ ತಾಯಿ-ಮಗುವಿಗೆ ನೀರು ಹಾಕಿ ಹೋಗುವವರೂ ಇದ್ದಾರೆ. ಆಶಾ 42 ದಿನಗಳಲ್ಲಿ ಆರು ಸಲ ಮನೆಗೆ ಬಂದು ಕೂಸನ್ನು ತೂಗಿ ಜ್ವರ ನೋಡಬೇಕೆಂದು ನಿಯಮವಿದೆ. ನೀರು ಹಾಕುವವಳು ದಿನವೂ ಬಂದು ಮೈ ಮುಟ್ಟುತ್ತಾಳೆ. ಮೈ ಬಿಸಿಯಾದದ್ದು, ಹೊಲಿಗೆ ಬಾತದ್ದು, ಬಾಣಂತಿ ಸುಮ್ಮಸುಮ್ಮನೆ ಅಳುವುದು ಮೊದಲು ಕಣ್ಣಿಗೆ ಬೀಳುವುದು ಇವಳಿಗೇ. ಆದರೆ ಇವಳಿಗೆ ತರಬೇತಿ ಕೊಡುವ ಯೋಜನೆಯನ್ನು ನಾನಂತೂ ಕಂಡಿಲ್ಲ. ಇಬ್ಬರನ್ನೂ ಒಂದು ದಿನ ಆರೋಗ್ಯ ಕೇಂದ್ರದಲ್ಲಿ ಕೂರಿಸಿ, ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂದು ಹೇಳಿಕೊಡಲು ದೊಡ್ಡ ಬಜೆಟ್ ಏನೂ ಬೇಕಾಗಿಲ್ಲ.