ಕೋಚ್ ಎಂಥವರು ಅಂತ ತಿಳಿಯಬೇಕಾದರೆ ಬೆಂಚ್ ನೋಡಿ

ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಆಟ ಸ್ವಲ್ಪ ಹೊತ್ತು ನಿಲ್ಲಿಸಿ ಟೈಮ್‌ಔಟ್ ತೆಗೆದುಕೊಂಡ ತಕ್ಷಣ ಟಿವಿಯವರು ಕ್ಯಾಮೆರಾವನ್ನು ಕೋಚ್ ಮುಖಕ್ಕೆ ಹಿಡಿಯುತ್ತಾರೆ. ಕೈಯಲ್ಲಿ ಪುಟ್ಟ ಬೋರ್ಡು, ಮಾರ್ಕರ್, ಏರಿದ ದನಿ. ಅದೇ ಕೋಚಿಂಗ್ ಅಂತ ನೋಡುವವರಿಗೆ ಅನ್ನಿಸುತ್ತದೆ. ನಾನು ಬೆಂಗಳೂರಿನಲ್ಲಿ ಕಾಲೇಜು ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವಳು. ಅಮೆರಿಕದ ಮಹಿಳಾ ಕಾಲೇಜು ಮ್ಯಾಚುಗಳನ್ನು ಕೆಲಸದ ಭಾಗ ಅಂತಲೇ ನೋಡುತ್ತೇನೆ. ಟೈಮ್‌ಔಟ್ ಹೊತ್ತಿನಲ್ಲಿ ನನ್ನ ಕಣ್ಣು ಹೋಗುವುದು ಗುಂಪಿನ ಅಂಚಿನಲ್ಲಿ ನಿಂತ ಹುಡುಗಿಯ ಕಡೆಗೆ, ಆ ದಿನ ಒಂದು ನಿಮಿಷವೂ ಆಡಲು ಸಿಗದವಳ ಕಡೆಗೆ. ಅವಳು ಕತ್ತು ಉದ್ದ ಮಾಡಿ ಬೋರ್ಡ್ ನೋಡುತ್ತಿದ್ದಾಳಾ, ಇಲ್ಲ ಮೇಲಿನ ದೊಡ್ಡ ಪರದೆಯಲ್ಲಿ ತನ್ನ ಮುಖ ಬಂತಾ ಅಂತ ಹುಡುಕುತ್ತಿದ್ದಾಳಾ? ಕೋಚ್ ಎಂಥವರು ಅನ್ನುವುದು ನನಗೆ ಅಲ್ಲೇ ಅರ್ಧ ಗೊತ್ತಾಗಿಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಮ್ಯಾಚ್ 40 ನಿಮಿಷ, ಅಂಗಳದಲ್ಲಿ ಐದು ಜನ, ಅಂದರೆ ಹಂಚಲು ಇರುವುದು ಒಟ್ಟು 200 ನಿಮಿಷ. ತಂಡದಲ್ಲಿ ಹದಿಮೂರು, ಹದಿನೈದು ಹುಡುಗಿಯರು. ಹೆಚ್ಚಿನ ನಿಮಿಷಗಳು ಎಂಟು, ಒಂಬತ್ತು ಜನರಿಗೇ ಹೋಗುತ್ತವೆ. ಉಳಿದವರೂ ತಮ್ಮ ಊರಿನ ಹೈಸ್ಕೂಲಿನಲ್ಲಿ ರಾಣಿಯರ ಹಾಗೆ ಮೆರೆದವರೇ. ಅಂಥವಳನ್ನು ಕೂರಿಸಬೇಕು, ಅವಳು ಮುನಿಸಿಕೊಳ್ಳಬಾರದು, ಮುನಿಸಿಕೊಂಡರೂ ಮಾರನೇ ದಿನ ಪ್ರಾಕ್ಟೀಸಿನಲ್ಲಿ ಪಂದ್ಯ ಶುರು ಮಾಡುವ ಮೊದಲ ಐವರ ಮೈ ಬೆವರಿಳಿಸಬೇಕು. ಇದನ್ನು ವರ್ಷಗಟ್ಟಲೆ ಮಾಡಿಸುವವರನ್ನು ನಾನು ದೊಡ್ಡ ಕೋಚ್ ಅನ್ನುತ್ತೇನೆ. ಪಂದ್ಯದ ತಂತ್ರ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ.

ಮಹಿಳಾ ತಂಡಗಳಲ್ಲಿ ಇದಕ್ಕೆ ಇನ್ನೊಂದು ಕಾರಣ ಇದೆ. ಪುರುಷರ ಕಡೆ ತುಂಬಾ ಚೆನ್ನಾಗಿ ಆಡುವ ಹುಡುಗ ಒಂದು ವರ್ಷ ಕಾಲೇಜಿನಲ್ಲಿದ್ದು ವೃತ್ತಿಪರರ ಲೀಗ್ ಆದ ಎನ್‌ಬಿಎಗೆ ಹೋಗಿಬಿಡುತ್ತಾನೆ. ಹುಡುಗಿಯರಿಗೆ ಹಾಗಿಲ್ಲ. ಅಮೆರಿಕದ ಆಟಗಾರ್ತಿ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಡ್ರಾಫ್ಟಿಗೆ, ಅಂದರೆ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಸುತ್ತಿಗೆ, ಹೋಗಬೇಕಾದರೆ ಆ ವರ್ಷ 22 ತುಂಬಬೇಕು, ಇಲ್ಲ ಓದು ಮುಗಿದಿರಬೇಕು. ಹಾಗಾಗಿ ಕೋಚ್ ಕೈಗೆ ಸುಮಾರು ನಾಲ್ಕು ವರ್ಷ ಸಿಗುತ್ತದೆ. ಮೊದಲ ವರ್ಷ ಬೆಂಚಿನಲ್ಲಿ ಕೂತವಳು ಮೂರನೇ ವರ್ಷ ಏನಾದಳು ಅನ್ನುವುದು ಎಲ್ಲರ ಕಣ್ಣಿಗೆ ಕಾಣುತ್ತದೆ. ಹುಡುಗಿಯೇ ಸರಿ ಇರಲಿಲ್ಲ ಅಂತ ಕೋಚ್ ಜಾರಿಕೊಳ್ಳುವ ಹಾಗಿಲ್ಲ.

ಯುಕಾನ್ ಅಂತ ಕರೆಯುವ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ ಜೀನೋ ಒರಿಯೆಮಾ 1985ರಿಂದ ಅಲ್ಲೇ ಇದ್ದಾರೆ. 12 ರಾಷ್ಟ್ರೀಯ ಪ್ರಶಸ್ತಿ, ಕೊನೆಯದು 2025ರಲ್ಲಿ. ಒಂದು ಹಂತದಲ್ಲಿ ಅವರ ತಂಡ ಸತತ 111 ಪಂದ್ಯ ಗೆದ್ದಿತ್ತು. ಪಂದ್ಯದ ವಿಡಿಯೋ ಹಾಕಿಕೊಂಡಾಗ ತಾವು ಬೆಂಚ್ ಕಡೆಯೂ ನೋಡುತ್ತೇವೆ, ಗೆಳತಿ ಬುಟ್ಟಿಗೆ ಹಾಕಿದಾಗ ಮುಖ ಗಂಟಿಕ್ಕಿಕೊಂಡು ಕೂತವಳಿಗೆ ಆಡಲು ಸಿಗುವುದಿಲ್ಲ, ಆ ಪಂದ್ಯ ಸೋತರೂ ಸರಿಯೇ ಅಂತ ಅವರು ಒಮ್ಮೆ ಪತ್ರಕರ್ತರ ಮುಂದೆ ಹೇಳಿದ್ದರು. ಆ ವಿಡಿಯೋ ಲಕ್ಷಾಂತರ ಜನರ ಮೊಬೈಲಿಗೆ ಹೋಯಿತು. ಕೇಳಲು ಬಲು ಚೆಂದ. ಆದರೆ ಇದೇ ಮನುಷ್ಯ, ಅವರ ತಂಡದ ಸ್ಟಾರ್ ಡಯಾನಾ ಟೌರಾಸಿ ಆಡುತ್ತಿದ್ದ ಕಾಲದಲ್ಲಿ ಯಾಕೆ ಗೆಲ್ಲುತ್ತೀರಿ ಅಂದರೆ, ನಮ್ಮ ಹತ್ತಿರ ಡಯಾನಾ ಇದ್ದಾಳೆ, ಅವರ ಹತ್ತಿರ ಇಲ್ಲ ಅಂತ ಹೇಳಿ ಮುಗಿಸುತ್ತಿದ್ದರು. ಎರಡೂ ನಿಜವೇ. ಒಳ್ಳೆ ಹುಡುಗಿಯರನ್ನು ಕರೆತರಲಾಗದ ಕೋಚ್ ಏನೇ ನೀತಿ ಹೇಳಿದರೂ ಅಷ್ಟಕ್ಕಷ್ಟೇ.

ಕರೆತರುವ ವಿಷಯದಲ್ಲಿ ಟೆನ್ನೆಸ್ಸಿ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಪ್ಯಾಟ್ ಸಮಿಟ್ ಅವರದೊಂದು ಕಥೆ ಈ ವಲಯದಲ್ಲಿ ಎಲ್ಲರಿಗೂ ಬಾಯಿಪಾಠ. 1990ರಲ್ಲಿ ಅವರು ತುಂಬು ಬಸುರಿ. ಪೆನ್ಸಿಲ್ವೇನಿಯಾದಲ್ಲಿ ಮಿಶೆಲ್ ಮಾರ್ಸಿನಿಯಾಕ್ ಅನ್ನುವ ಹುಡುಗಿಯ ಮನೆಗೆ ಹೋಗಿದ್ದರು, ನಮ್ಮ ತಂಡಕ್ಕೆ ಬಾ ಅಂತ ಕೇಳಲು. ಅಲ್ಲೇ ಹೆರಿಗೆ ಶುರುವಾಗುವ ಲಕ್ಷಣ ಕಾಣಿಸಿತು. ಮಾತು ಮುಗಿಸಿ ವಿಮಾನ ಹತ್ತಿದರು, ಮಗು ಹುಟ್ಟುವುದು ಟೆನ್ನೆಸ್ಸಿಯಲ್ಲೇ ಅಂತ ಹಟ ಹಿಡಿದರು, ಹಾಗೇ ಆಯಿತು. ಎಲ್ಲರೂ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಮುಂದಿನದು: ಅಷ್ಟೆಲ್ಲ ಆದಮೇಲೂ ಮಿಶೆಲ್ ಸೇರಿದ್ದು ನೋಟರ್ ಡೇಮ್ ಕಾಲೇಜಿಗೆ! ಸಮಿಟ್ ಬಾಗಿಲು ಮುಚ್ಚಲಿಲ್ಲ. ಹುಡುಗಿ ಆಮೇಲೆ ಟೆನ್ನೆಸ್ಸಿಗೇ ಬಂದಳು, 1996ರಲ್ಲಿ ತಂಡ ಪ್ರಶಸ್ತಿ ಗೆದ್ದಾಗ ಕೊನೆಯ ಹಂತದ ಶ್ರೇಷ್ಠ ಆಟಗಾರ್ತಿಯೂ ಅವಳೇ ಆದಳು. ಒಲ್ಲೆ ಅಂದವಳನ್ನು ಹಂಗಿಸದೆ ಇರುವುದು ಎಷ್ಟು ಕಷ್ಟ ಅಂತ ಹುಡುಗಿಯರನ್ನು ಆರಿಸುವ ಕೆಲಸ ಮಾಡಿದವರನ್ನೇ ಕೇಳಿ.

ಸಮಿಟ್ 1974ರಲ್ಲಿ ಹೆಡ್ ಕೋಚ್ ಆದಾಗ ವಯಸ್ಸು 22. ತಿಂಗಳಿಗೆ 250 ಡಾಲರ್ ಸಂಬಳ. ಹುಡುಗಿಯರ ಜರ್ಸಿ ಒಗೆಯುವುದು, ವ್ಯಾನ್ ಓಡಿಸುವುದು ಎಲ್ಲ ಅವರೇ. ಶಿಕ್ಷಣದಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಅನ್ನುವ ಟೈಟಲ್ ನೈನ್ ಕಾನೂನು ಬಂದು ಆಗ ಎರಡೇ ವರ್ಷ. ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಮಹಿಳೆಯರಿಗೆ ಟೂರ್ನಮೆಂಟ್ ಶುರು ಮಾಡಿದ್ದೇ 1982ರಲ್ಲಿ. 2012ರಲ್ಲಿ ಮರೆವಿನ ಕಾಯಿಲೆಯಿಂದಾಗಿ ಅವರು ಕೆಳಗಿಳಿದಾಗ ಲೆಕ್ಕದಲ್ಲಿ 1,098 ಗೆಲುವು, 8 ಪ್ರಶಸ್ತಿ. 38 ವರ್ಷದಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಆದ ಸೀಸನ್ ಒಂದೂ ಇಲ್ಲ. ಈ ಸಂಖ್ಯೆಗಳಿಗಿಂತ ನಾನು ಹೆಚ್ಚು ಹೇಳುವುದು ಇನ್ನೊಂದನ್ನು. ಅವರ ಹತ್ತಿರ ಪೂರ್ತಿ ಅವಧಿ ಆಡಿ ಮುಗಿಸಿದ ಹುಡುಗಿಯರೆಲ್ಲ ಡಿಗ್ರಿ ಪಡೆದಿದ್ದಾರೆ. ಕ್ಲಾಸ್ ತಪ್ಪಿಸುವ ಹಾಗಿಲ್ಲ, ಕೂರುವುದು ಮುಂದಿನ ಮೂರು ಸಾಲಿನಲ್ಲೇ, ಇದು ಅವರ ನಿಯಮ. ಸುಮ್ನೆ ಶಿಸ್ತಿನ ತೋರಿಕೆ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬೆಂಚಿನ ಕೊನೆಯಲ್ಲಿ ಕೂತವಳಿಗೂ ಮೊದಲ ಐವರಿಗೂ ಒಂದೇ ಸಾಲು, ಒಂದೇ ನಿಯಮ ಅಂತ ದಿನಾ ಬೆಳಿಗ್ಗೆ ಕ್ಲಾಸಿನಲ್ಲೇ ತೋರಿಸಿದರೆ, ಸಂಜೆ ಅಂಗಳದಲ್ಲಿ ಬೇರೆ ಭಾಷಣ ಮಾಡುವ ಅಗತ್ಯ ಇರುವುದಿಲ್ಲ.

ಇನ್ನು ಪ್ರಾಕ್ಟೀಸ್. ಇಲ್ಲಿ ಒಂದು ತಕರಾರಿನ ವಿಷಯ ಇದೆ, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಅಮೆರಿಕದ ದೊಡ್ಡ ಮಹಿಳಾ ತಂಡಗಳು ಪ್ರಾಕ್ಟೀಸಿಗೆ ಗಂಡು ಹುಡುಗರನ್ನು ಕರೆಸುತ್ತವೆ. ಅದೇ ಕಾಲೇಜಿನಲ್ಲಿ ಓದುವ, ಹೈಸ್ಕೂಲಿನಲ್ಲಿ ಆಡಿ ಬಂದ ಹುಡುಗರು. ಮುಂದಿನ ವಾರ ಎದುರಾಗುವ ತಂಡದ ಹಾಗೆ ಇವರು ಆಡುತ್ತಾರೆ. ಕೈ ಉದ್ದ, ವೇಗ ಜಾಸ್ತಿ, ಹಾಗಾಗಿ ಪಾಸ್ ಅರ್ಧ ಸೆಕೆಂಡ್ ತಡವಾದರೂ ಚೆಂಡು ಕೈತಪ್ಪುತ್ತದೆ. ಇವರ ಎದುರು ಪಾಸ್ ಮಾಡಿ ರೂಢಿಯಾದರೆ ಮ್ಯಾಚಿನಲ್ಲಿ ಜಾಗ ವಿಶಾಲವಾಗಿ ಕಾಣುತ್ತದೆ. ಸಮಿಟ್ ಇದನ್ನು ಬಹಳ ಮೊದಲೇ ಶುರು ಮಾಡಿದವರು. ಆದರೆ ಹುಡುಗರು ಅಂಗಳಕ್ಕಿಳಿದರೆ ಬೆಂಚಿನ ಹುಡುಗಿ ಪ್ರಾಕ್ಟೀಸಿನಲ್ಲೂ ಗೆರೆಯಾಚೆ ನಿಂತುಬಿಡುತ್ತಾಳಲ್ವಾ? 2006ರ ಕೊನೆಯಲ್ಲಿ ಎನ್‌ಸಿಎಎಯ ಮಹಿಳಾ ಕ್ರೀಡಾ ಸಮಿತಿಯೊಂದು ಇದೇ ಕಾರಣಕ್ಕೆ ಹುಡುಗರನ್ನು ಕರೆಸುವುದು ನಿಲ್ಲಲಿ ಅಂದಿತ್ತು. ಕೋಚ್‌ಗಳು ಒಪ್ಪಲಿಲ್ಲ, ಪದ್ಧತಿ ಉಳಿಯಿತು. ನನ್ನ ಅಭಿಪ್ರಾಯ ಕೇಳಿದರೆ, ಹುಡುಗರು ಇರಲಿ, ಆದರೆ ಗಡಿಯಾರ ಹಿಡಿದು ಹಂಚಬೇಕು. ಹತ್ತು ನಿಮಿಷ ಮೊದಲ ಐವರು ಹುಡುಗರ ಎದುರು ಆಡಿದರೆ ಮುಂದಿನ ಹತ್ತು ನಿಮಿಷ ಎರಡನೇ ಐವರು ಅದೇ ಹುಡುಗರ ಎದುರು ಆಡಲಿ. ಸೀಸನ್ ನಡೆಯುವಾಗ ಅಲ್ಲಿನ ಕೋಚ್‌ಗಳಿಗೆ ವಾರಕ್ಕೆ 20 ಗಂಟೆ ಮಾತ್ರ ತರಬೇತಿ ಕೊಡಲು ಅನುಮತಿ. ಆ 20 ಗಂಟೆ ಯಾರಿಗೆ ಎಷ್ಟು ಹೋಯಿತು ಅನ್ನುವ ಹಾಳೆಯೊಂದು ಸಿಕ್ಕರೆ ಸಾಕು, ಕೋಚ್ ಬಗ್ಗೆ ಬೇರೆ ಏನೂ ಕೇಳುವುದಿಲ್ಲ ನಾನು.

ಬೆಂಚಿನವರನ್ನೂ ಬೆಳೆಸುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಕೋಚ್ ಡಾನ್ ಸ್ಟೇಲಿ. ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು. 2008ರಲ್ಲಿ ಅಲ್ಲಿಗೆ ಹೋದಾಗ ಮೊದಲ ಸೀಸನ್ 10 ಗೆಲುವು, 18 ಸೋಲು. ಅಲ್ಲಿಂದ ಕಟ್ಟಿದ್ದು. 2023ರಲ್ಲಿ ಅವರ ತಂಡ ಒಂದೂ ಸೋಲದೆ 36 ಪಂದ್ಯ ಗೆದ್ದು ಸೆಮಿಫೈನಲ್‌ಗೆ ಬಂತು. ಎದುರಿಗೆ ಅಯೋವಾ, ಸ್ಟಾರ್ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಇದ್ದ ತಂಡ. ಸ್ಟೇಲಿಯ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವವಳು, ರೇವನ್ ಜಾನ್ಸನ್ ಮೂರು ಪಾಯಿಂಟ್ ಗೆರೆಯ ಹೊರಗೆ ಚೆಂಡು ಹಿಡಿದು ನಿಂತರೆ ಕ್ಲಾರ್ಕ್ ಹತ್ತಿರ ಕೂಡ ಹೋಗಲಿಲ್ಲ, ಕೈ ಬೀಸಿ ‘ಬೇಕಾದರೆ ಹಾಕ್ಕೋ’ ಅನ್ನುವ ಹಾಗೆ ಬಿಟ್ಟಳು. ಬುಟ್ಟಿಯ ಕೆಳಗಿನ ಎತ್ತರದ ಹುಡುಗಿಯರನ್ನು ಮುತ್ತಲು ಒಬ್ಬರು ಉಳಿತಾಯ ಆಗುತ್ತಾರೆ, ತಂತ್ರವಾಗಿ ಅದು ಸರಿಯೇ. ಆದರೆ ಆ ತುಣುಕು ಅಮೆರಿಕ ಪೂರ್ತಿ ಓಡಾಡಿತು. ಸ್ಟೇಲಿಯ ತಂಡ 77-73ರಲ್ಲಿ ಸೋತಿತು. ಆಮೇಲೆ ತಂಡದ ಹಿರಿಯರು ಐವರು ಡಬ್ಲ್ಯುಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾಗಿ ಹೋಗಿಬಿಟ್ಟರು.

ಮುಂದಿನ ವರ್ಷ ಅದೇ ರೇವನ್ ಕೈಗೆ ತಂಡ ಕೊಟ್ಟರು ಸ್ಟೇಲಿ. 38 ಪಂದ್ಯ, ಒಂದೂ ಸೋಲಿಲ್ಲ. 2024ರ ಫೈನಲ್‌ನಲ್ಲಿ ಮತ್ತೆ ಅಯೋವಾ. ಕ್ಲಾರ್ಕ್ ಮೊದಲ ಹತ್ತು ನಿಮಿಷದಲ್ಲೇ 18 ಪಾಯಿಂಟ್ ಹೊಡೆದಳು. ಇಲ್ಲಿ ಬೇರೆ ಕೋಚ್ ಆಗಿದ್ದರೆ ಇಡೀ ಡಿಫೆನ್ಸ್ ಬದಲಿಸುತ್ತಿದ್ದರೇನೋ. ಸ್ಟೇಲಿ ರೇವನ್‌ಳನ್ನು ಕ್ಲಾರ್ಕ್ ಬೆನ್ನಿಗೆ ಬಿಟ್ಟರು. ಅರ್ಧ ಆಟ ಮುಗಿಯುವ ಹೊತ್ತಿಗೆ ರೇವನ್ ಅಂಗಳದ ನಡುವೆ ಕ್ಲಾರ್ಕ್ ಕೈಯಿಂದಲೇ ಚೆಂಡು ಕಿತ್ತು, ಒಬ್ಬಳೇ ಓಡಿ ಬುಟ್ಟಿಗೆ ಹಾಕಿದಳು. ಕೊನೆಗೆ 87-75. ಕ್ಲಾರ್ಕ್ ಲೆಕ್ಕ 30ಕ್ಕೆ ನಿಂತಿತು, ಅಂದರೆ ಉಳಿದ 30 ನಿಮಿಷದಲ್ಲಿ ಬರೀ 12. ಸೌತ್ ಕ್ಯಾರೊಲಿನಾ ಬೆಂಚಿನಿಂದ ಬಂದವರು 37 ಪಾಯಿಂಟ್ ಗಳಿಸಿದರು, ಅಯೋವಾ ಬೆಂಚಿನಿಂದ ಸೊನ್ನೆ. ಮೊದಲ ವರ್ಷದ ಟೆಸ್ಸಾ ಜಾನ್ಸನ್ ಬೆಂಚಿನಿಂದ ಎದ್ದು ಬಂದು 19 ಹೊಡೆದಳು, ಅದೂ ಫೈನಲ್‌ನಲ್ಲಿ. ಮೊದಲ ಐವರಲ್ಲಿ ಜಾಗ ಇಲ್ಲದ, ಕಾಲೇಜಿಗೆ ಹೊಸಬಳಾದ ಹುಡುಗಿ ಅಷ್ಟು ನಿರಾಳವಾಗಿ ಬಾಲ್ ಎತ್ತಿ ಹಾಕಬೇಕಾದರೆ, ಪ್ರಾಕ್ಟೀಸಿನಲ್ಲಿ ಅವಳನ್ನು ಯಾವತ್ತೂ ಸುಮ್ಮನೆ ನಿಲ್ಲಿಸಿಲ್ಲ ಅಂತಲೇ ಅರ್ಥ.

ಬೈಗುಳದ ಬಗ್ಗೆ ಎರಡು ಮಾತು. ಹಳೇ ಕಾಲದ ದೊಡ್ಡ ಕೋಚ್‌ಗಳು ಗಟ್ಟಿ ಬಾಯಿಯವರು, ಸಮಿಟ್ ಅವರ ದುರುಗುಟ್ಟುವ ನೋಟವೇ ಹೆಸರುವಾಸಿ. ಅದನ್ನು ನೋಡಿ, ಕಿರುಚಿದರೆ ಗೆಲ್ಲಬಹುದು ಅಂದುಕೊಂಡವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ನಾನು ಗಮನಿಸಿದ್ದು ಇಷ್ಟು: ಚೆನ್ನಾಗಿ ಬೈಯುವವರು ತಂಡದ ಸ್ಟಾರನ್ನೇ ಎಲ್ಲರ ಮುಂದೆ ಬೈಯುತ್ತಾರೆ, ಬೆಂಚಿನ ಹುಡುಗಿಗೆ ಹೇಳುವುದನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ. ಉಲ್ಟಾ ಮಾಡುವವರ ತಂಡ ಎರಡು ವರ್ಷದಲ್ಲಿ ಖಾಲಿ.

ಮೊಣಕಾಲಿನ ವಿಷಯ ಬಿಡುವ ಹಾಗಿಲ್ಲ. ಮೊಣಕಾಲೊಳಗಿನ ಎಸಿಎಲ್ ಅನ್ನುವ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಯುಕಾನ್‌ನ ಪೇಜ್ ಬೆಕರ್ಸ್ 2022ರಲ್ಲಿ ಇದೇ ಗಾಯದಿಂದ ಒಂದು ಸೀಸನ್ ಪೂರ್ತಿ ಕೂತಳು, 2025ರಲ್ಲಿ ಪ್ರಶಸ್ತಿ ಗೆದ್ದು ಹೋದಳು. ಜಿಗಿದು ಇಳಿಯುವಾಗ ಮಂಡಿ ಬಾಗಬೇಕು, ಒಳಕ್ಕೆ ವಾಲಬಾರದು. ನಾನು ನನ್ನ ಹುಡುಗಿಯರಿಗೆ ಹೇಳುವುದು, ಇಳಿಯುವ ಸದ್ದು ನನಗೆ ಕೇಳಿಸಬಾರದು ಅಂತ. ಧಪ್ ಅಂದರೆ ಮತ್ತೊಮ್ಮೆ. ಬೇಜಾರಿನ ಕೆಲಸ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ವಾರ್ಮ್‌ಅಪ್‌ನಲ್ಲಿ ಇದನ್ನು ಹಾರಿಸುವ ಕೋಚ್ ಹತ್ತಿರ ನನ್ನ ಹುಡುಗಿಯನ್ನು ಕಳಿಸಲಾರೆ.

ಸ್ಟ್ಯಾನ್‌ಫರ್ಡಿನ ಕೋಚ್ ಆಗಿದ್ದ ಟಾರಾ ವ್ಯಾನ್‌ಡರ್ವೀರ್ ಬಗ್ಗೆಯೇ ಒಂದು ಅಂಕಣ ಬರೆಯಬಹುದು. 1992ರ ಪ್ರಶಸ್ತಿ ಆದಮೇಲೆ ಮುಂದಿನದಕ್ಕೆ ಅವರು ಕಾದದ್ದು 2021ರವರೆಗೆ. ಆ ವರ್ಷ ಕೋವಿಡ್ ನಿರ್ಬಂಧದಿಂದ ತಂಡ ವಾರಗಟ್ಟಲೆ ತಮ್ಮ ಊರಿನಲ್ಲೇ ಆಡಲಾಗದೆ ಹೋಟೆಲಿನಿಂದ ಹೋಟೆಲಿಗೆ ಅಲೆಯಿತು, ಕೊನೆಗೆ 54-53ರಲ್ಲಿ ಗೆದ್ದಿತು. ಮನೆ ಬಿಟ್ಟು ಅಷ್ಟು ದಿನ ಒಟ್ಟಿಗಿದ್ದು ಹದಿನೈದು ಜನ ಜಗಳವಾಡದೆ ಉಳಿದದ್ದೇ ದೊಡ್ಡದು. 2024ರಲ್ಲಿ 1,216 ಗೆಲುವುಗಳೊಂದಿಗೆ ನಿವೃತ್ತರಾದರು. ಅತಿ ಹೆಚ್ಚು ಗೆಲುವಿನ ಆ ದಾಖಲೆಯನ್ನು ಒರಿಯೆಮಾ ಅದೇ ವರ್ಷ ಮುರಿದರು.

ಈಗ ಆಟದ ನಿಯಮಕ್ಕಿಂತ ಹೊರಗಿನ ನಿಯಮ ಬದಲಾಗಿದೆ. 2021ರಿಂದ ಆಟಗಾರ್ತಿಯರು ತಮ್ಮ ಹೆಸರಿನಲ್ಲಿ ಜಾಹೀರಾತಿನ ದುಡ್ಡು ಪಡೆಯಬಹುದು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದರೆ ವರ್ಷ ಕೂರಬೇಕು ಅನ್ನುವುದೂ ಹೋಯಿತು. ಬೆಂಚಿನಲ್ಲಿ ಕೂತು ಬೇಸತ್ತವಳು ಸೀಸನ್ ಮುಗಿದ ಕೂಡಲೇ ಕಾಲೇಜು ಬದಲಿಸುವವರ ಪಟ್ಟಿಯಾದ ಟ್ರಾನ್ಸ್‌ಫರ್ ಪೋರ್ಟಲಿನಲ್ಲಿ ಹೆಸರು ಹಾಕುತ್ತಾಳೆ, ಬೇರೆ ಕಾಲೇಜು ಕರೆಯುತ್ತದೆ, ಹೋಗುತ್ತಾಳೆ. ನಾಲ್ಕು ವರ್ಷ ಕೈಗೆ ಸಿಗುತ್ತದೆ ಅಂತ ಮೇಲೆ ಹೇಳಿದ್ದೆನಲ್ಲ, ಅದು ಈಗ ಕೋಚ್ ಪ್ರತಿ ವರ್ಷ ಹೊಸದಾಗಿ ಸಂಪಾದಿಸಬೇಕಾದ್ದು. ಹುಡುಗಿಯರಿಗೆ ಇದು ನ್ಯಾಯವೇ. ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್ ಪಡೆಯುವ ಸ್ಟೇಲಿಯಂಥ ಕೋಚ್ ಬೇಕಾದಾಗ ಕಾಲೇಜು ಬದಲಿಸಬಹುದು ಅಂದಮೇಲೆ ಹುಡುಗಿ ಯಾಕೆ ಬದಲಿಸಬಾರದು?

ನಮ್ಮ ಹುಡುಗಿಯರೂ ಈಗ ಅಲ್ಲಿಗೆ ಹೋಗುತ್ತಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದವರು. ಸ್ಕಾಲರ್‌ಶಿಪ್ ಸಿಗುವ ಹಾಗಿದೆ, ಯಾವ ಕಾಲೇಜು ಆರಿಸಲಿ ಅಂತ ನನ್ನನ್ನು ಕೇಳುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು, ಕೋಚ್ ಎಷ್ಟು ಗೆದ್ದಿದ್ದಾರೆ ಅಂತ ಮೊದಲು ನೋಡಬೇಡಿ. ಎರಡು ಪ್ರಶ್ನೆ ಬರೆದುಕೊಂಡು ಹೋಗಿ. ಕಳೆದ ಮೂರು ವರ್ಷದಲ್ಲಿ ಕಡಿಮೆ ಆಡಿದ ಹುಡುಗಿಯರಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನ ಡಿಗ್ರಿ ಮುಗಿಸಿದರು? ಎರಡನೆಯದು, ಪ್ರಾಕ್ಟೀಸ್ ಬಂದು ನೋಡಬಹುದಾ? ಮೊದಲನೆಯದಕ್ಕೆ ಕೋಚ್ ಹೆಸರು ಹಿಡಿದು ಉತ್ತರ ಕೊಟ್ಟರೆ, ಎರಡನೆಯದಕ್ಕೆ ಹೂಂ ಅಂದರೆ, ಆಮೇಲೆ ಹಾಸ್ಟೆಲ್ಲು, ಊಟ, ಚಳಿ ಇವನ್ನೆಲ್ಲ ಮಾತಾಡೋಣ.